ಹೂಂ ಅಂದ ಮೇಲೆ ಕತ್ತರಿ

ನಮ್ಮ ಮನೆಯ ಮುಂದಿನ ಕೋಣೆಯೇ ಅಮ್ಮನ ಅಂಗಡಿ. ಅಲ್ಲಿ ಹೊಸ ಬಟ್ಟೆ ಹೊಲಿಯುವುದಿಲ್ಲ, ಇದ್ದ ಬಟ್ಟೆಯನ್ನು ಸರಿಮಾಡಿ ಕೊಡುತ್ತಾರೆ. ಉದ್ದವಿದ್ದರೆ ಗಿಡ್ಡ, ಸಡಿಲವಿದ್ದರೆ ಬಿಗಿ, ಜಿಪ್ಪು ಕೆಟ್ಟಿದ್ದರೆ ಹೊಸ ಜಿಪ್ಪು. ಅಜ್ಜಿಯ ಕಾಲದಿಂದಲೂ ಆ ಕೋಣೆಗೆ ಒಂದೇ ಕಾನೂನು. ಮೊದಲು ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ. ಬಟ್ಟೆಯವರು ಅದನ್ನು ತೊಟ್ಟು, ನಿಲುವುಗನ್ನಡಿಯ ಮುಂದೆ ನಿಂತು, ಹಿಂದೆ ಮುಂದೆ ತಿರುಗಿ ನೋಡಿ, ಬಾಯಿಬಿಟ್ಟು ‘ಹೂಂ’ ಅನ್ನಬೇಕು. ಆಮೇಲೆಯೇ ಕತ್ತರಿ. ತಲೆ ಆಡಿಸಿದರೆ ಸಾಲದು. ‘ನಿಮಗೆ ಹೇಗೆ ಸರಿಯೋ ಹಾಗೆ ಮಾಡಿ’ ಅಂದರೂ ಸಾಲದು. ಹೆಂಡತಿಯ ಪರವಾಗಿ ಗಂಡ ಹೂಂ ಅಂದರಂತೂ ಅಜ್ಜಿ ಕತ್ತರಿಯನ್ನು ಎತ್ತಿ ಡ್ರಾಯರಿನೊಳಗೆ ಇಟ್ಟುಬಿಡುತ್ತಿದ್ದಳಂತೆ. ಅಪ್ಪ ಒಮ್ಮೆ ಪೇಪರು ಓದುತ್ತಾ, ಏನು ಕೇಳಿದರೆಂದು ನೋಡದೆ ಹೂಂ ಅಂದುಬಿಟ್ಟಿದ್ದರು. ಅವರ ಒಳ್ಳೆಯ ಪ್ಯಾಂಟು ಮೊಣಕಾಲಿಗೆ ಬಂದು ನಿಂತಿತು. ಇವತ್ತಿಗೂ ಗಿಡಕ್ಕೆ ನೀರು ಹಾಕುವಾಗ ಅದನ್ನೇ ಹಾಕಿಕೊಳ್ಳುತ್ತಾರೆ.

ಇಂಥ ಮನೆಯಲ್ಲಿ ಹುಟ್ಟಿಯೂ ನಾನು ಕೇಳಿದ್ದಕ್ಕೆಲ್ಲ ಹೂಂ ಅನ್ನುವವಳಾಗಿ ಬೆಳೆದೆ. ಇನ್ನೊಂದು ಸೌಟು ಹಾಕಲಾ? ಹೂಂ. ಆ ಕಾಲೇಜು ದೂರ, ಇಲ್ಲೇ ಸೇರ್ತೀಯಾ? ಹೂಂ. “ಕೋಲೆಬಸವ ಕೂಡ ಒಮ್ಮೊಮ್ಮೆ ತಲೆ ಅಡ್ಡಡ್ಡ ಆಡಿಸುತ್ತೆ ಕಣೇ” ಎಂದು ಅಮ್ಮ ರೇಗುತ್ತಾಳೆ. ಮನೆಯಲ್ಲಿ ನನ್ನ ಹೆಸರು ಗುಮ್ಮಿ. ಗುಮ್ಮನಗುಸುಕಿ ಅನ್ನುವುದನ್ನು ಅಪ್ಪ ಗಿಡ್ಡ ಮಾಡಿದ್ದು. ನಮ್ಮದು ಗಿಡ್ಡ ಮಾಡುವ ಮನೆ ತಾನೇ. ಪದವಿ ಮುಗಿಸಿದ್ದೇನೆ. ದಿನಚರಿಯಲ್ಲಿ ನನ್ನಷ್ಟು ವಾಚಾಳಿ ಇನ್ನೊಬ್ಬಳಿಲ್ಲ. ಪುಟ ಮುಚ್ಚಿದ ಕೂಡಲೇ ಬಾಯಿಯೂ ಮುಚ್ಚಿಕೊಳ್ಳುತ್ತದೆ.

ಆದರೆ ಒಂದು ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಿದವಳಲ್ಲ. ಅದು ಬಟ್ಟೆ.

ಅಂಗಡಿಯಲ್ಲಿ ಹೊಲಿಗೆ ಯಂತ್ರದ ಹಿಂದೆ ಒಂದು ಕಪಾಟಿದೆ. ಸರಿಮಾಡಲು ಕೊಟ್ಟು, ವಾಪಸ್ ಒಯ್ಯಲು ಬಾರದೇ ಹೋದವರ ಬಟ್ಟೆಗಳು ಅದರಲ್ಲಿ. ಅಜ್ಜಿ ಒಂದನ್ನೂ ಬಿಸಾಡಿದವಳಲ್ಲ, ‘ಬಂದಾರು’ ಅನ್ನುತ್ತಿದ್ದಳಂತೆ. ಅಜ್ಜಿ ಹೋದ ಮೇಲೆ ಅಮ್ಮನೂ ಬಿಸಾಡಲಿಲ್ಲ, ಆದರೆ ಬಂದಾರು ಅನ್ನುವುದನ್ನು ಬಿಟ್ಟಳು. ಕಾಲೇಜಿನ ಕೊನೆಯ ವರ್ಷ ಚಳಿಗೆಂದು ಒಂದು ಸ್ವೆಟರ್ ಹುಡುಕಲು ಹೋಗಿ ನಾನು ಆ ಕಪಾಟಿನೊಳಗೆ ತಲೆ ಹಾಕಿದೆ. ಹಾಕಿದ ತಲೆ ಹೊರಗೆ ತೆಗೆಯಲೇ ಇಲ್ಲ ಅನ್ನಬಹುದು. ಚಿಪ್ಪಿನ ಗುಂಡಿಯ ಸ್ವೆಟರು. ಪಾದ ಮುಚ್ಚುವ ಅಗಲ ಕಾಲಿನ ಪ್ಯಾಂಟು. ಹತ್ತಿಪ್ಪತ್ತು ನೆರಿಗೆಯ ದಪ್ಪ ಲಂಗ. ಎಲ್ಲದಕ್ಕಿಂತ ಕೆಳಗೆ, ಹಳೆಯ ಪೇಪರಿನಲ್ಲಿ ಸುತ್ತಿ ಇಟ್ಟಿದ್ದ ಫ್ರಾಕು.

ಎಳೆ ಬಾಳೆಲೆಯ ಹಸಿರು. ಹೆಗಲವರೆಗೆ ಚಾಚಿದ ಕಾಲರು, ಮೊಣಕೈ ಮೇಲೆ ನಿಂತ ಬುಗ್ಗೆ ತೋಳು, ನಡುವಿನಲ್ಲಿ ಬಿಗಿಯಾಗಿ ಹಿಡಿದು ಅಲ್ಲಿಂದ ಕೆಳಗೆ ಛತ್ರಿಯಂತೆ ಬಿಚ್ಚಿಕೊಳ್ಳುವ ಘೇರು. ಎದೆಯಿಂದ ಸೊಂಟದವರೆಗೆ ಕೆಂಪು ಗುಂಡಿಗಳ ಸಾಲು, ಒಂದೊಂದೂ ಗಟ್ಟಿ ಚಾಕೊಲೇಟಿನಷ್ಟು ದಪ್ಪ. ಕತ್ತಿನ ಒಳಬದಿಯಲ್ಲೂ ತೋಳಿನ ತುದಿಯಲ್ಲೂ ಬಿಳಿ ಕಚ್ಚಾ ಹೊಲಿಗೆ ಇನ್ನೂ ಹಾಗೇ ಇತ್ತು. ಯಾಕೆ ಹಾಕಿದ್ದರೋ ನನಗೆ ಗೊತ್ತಿರಲಿಲ್ಲ. ಹೊರಗಿನಿಂದ ಕಾಣುತ್ತಿರಲಿಲ್ಲವಾದ್ದರಿಂದ ಬಿಚ್ಚಲೂ ಇಲ್ಲ.

“ಅಮ್ಮ, ಇದನ್ನ ಹಾಕ್ಕೊಳ್ಳಲಾ?”

“ಇಟ್ಟವರು ಇನ್ನು ಬರೋದುಂಟೇ? ಹಾಕ್ಕೋ. ಆದ್ರೆ ಮನೇಲಿ ಮಾತ್ರ.”

ಹೂಂ ಅಂದೆ. ಮರುದಿನ ಬೀದಿಯಲ್ಲಿ ಹಾಕಿಕೊಂಡು ಹೋದೆ.

ನನ್ನ ಹೂಂ ಎಂಥದ್ದು ಎಂದು ಆಗಲೇ ಗೊತ್ತಾಗಬೇಕಿತ್ತು. ಹೂಂ ಅಂದರೆ ಎದುರಿಗಿದ್ದವರು ಸುಮ್ಮನಾಗುತ್ತಾರೆ, ಅಷ್ಟಕ್ಕೇ ನಾನು ಹೂಂ ಅನ್ನುವುದು. ಆಮೇಲೆ ನನ್ನ ಪಾಡಿಗೆ ನಾನು. ಈ ಉಪಾಯ ಅಮ್ಮನ ಹತ್ತಿರ ನಡೆಯಿತು. ಹೆತ್ತವಳಲ್ಲವೇ, ಬೈದು ಮರೆಯುತ್ತಾಳೆ. “ಅಜ್ಜಿಗೆ ಅರಿವೆ ಚಿಂತೆ ಅಂತಾರೆ, ನಮ್ಮನೇಲಿ ಉಲ್ಟಾ, ಮೊಮ್ಮಗಳಿಗೆ ಅರಿವೆ ಚಿಂತೆ” ಅಂದು ಇಸ್ತ್ರಿ ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದಳು. ಬೀದಿಯಲ್ಲಿ ಜನ ತಿರುಗಿ ನೋಡುತ್ತಿದ್ದರು. ಮಾತಾಡಲು ನಾಚುವವಳು ಕಣ್ಣಿಗೆ ಬೀಳದ ಹಾಗೆ ಇರಬೇಕೆಂದು ಎಲ್ಲರ ಲೆಕ್ಕ. ನನ್ನದು ಬೇರೆ. ಎಲ್ಲರಂತೆ ಉಟ್ಟರೆ ಎಲ್ಲರಂತೆ ಮಾತಾಡಬೇಕು ಅನ್ನುತ್ತಾರೆ. ಆ ಫ್ರಾಕಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಏನೋ ಒಂದನ್ನು ಹೇಳಿ ಮುಗಿಸಿರುತ್ತಿದ್ದೆ. ಬೆಳಿಗ್ಗೆ ಒಂದೊಂದೇ ಕೆಂಪು ಗುಂಡಿ ಕಾಜದೊಳಗೆ ಹೋಗುವಾಗ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಕೆಲಸ ಸಿಕ್ಕಿದ್ದು ಕನ್ನಡಕದ ಅಂಗಡಿಯಲ್ಲಿ. ನನ್ನ ಕೆಲಸ ಮುಂದಿನ ಕೌಂಟರು. ಬಂದವರ ಮುಖಕ್ಕೆ ಫ್ರೇಮು ಇಟ್ಟು ನೋಡುವುದು, ಕಿವಿಯ ಹಿಂದೆ ಒತ್ತುತ್ತದೋ ಮೂಗಿನಿಂದ ಜಾರುತ್ತದೋ ಕೇಳುವುದು, ಕನ್ನಡಿ ಹಿಡಿಯುವುದು. ನನಗೆ ಹೇಳಿ ಮಾಡಿಸಿದ ಕೆಲಸ. ಜನ ತಮ್ಮ ಮುಖ ನೋಡಿಕೊಳ್ಳುವಾಗ ಎದುರಿಗಿದ್ದವಳು ಮಾತಾಡಬೇಕೆಂದು ಯಾರೂ ಬಯಸುವುದಿಲ್ಲ. ಹಿಂದಿನ ಸಣ್ಣ ಕೋಣೆಯಲ್ಲಿ ಗಾಜು ಉಜ್ಜುವವರು ಒಬ್ಬರಿದ್ದಾರೆ, ಅವರನ್ನು ಎಲ್ಲರೂ ಲೆನ್ಸಣ್ಣ ಅನ್ನುತ್ತಾರೆ. ಬಂದವರಿಗೆಲ್ಲ ಅಡ್ಡಹೆಸರು ಇಡುವುದರಲ್ಲಿ ಅವರದು ಎತ್ತಿದ ಕೈ. ನನ್ನನ್ನು ಮೊದಲ ದಿನ ನೋಡಿದವರೇ, “ಬಣ್ಣ ಗಿಳೀದು, ಬಾಯಿ ಮೀನಿಂದು” ಅಂದರು. ಅಂದಿನಿಂದ ನಾನು ಗಿಳಿಮೀನು.

ಅಂಗಡಿ ನೋಡಿಕೊಳ್ಳುವವರು ಯಜಮಾನರ ಸೊಸೆ, ನಮಗೆಲ್ಲ ಮೇಡಂ. ಹೊಸದಾಗಿ ಬಂದವರು, ಕೆಟ್ಟವರಲ್ಲ. ಎದುರು ಬೀದಿಯಲ್ಲಿ ಗಾಜಿನ ಗೋಡೆಯ ದೊಡ್ಡ ಮಳಿಗೆಯೊಂದು ತೆರೆದಾಗಿನಿಂದ ಅವರಿಗೆ ನಿದ್ದೆ ಇಲ್ಲ. ಗೋಡೆಗೆ ಬೂದು ಬಣ್ಣ ಹೊಡೆಸಿದರು. ಚೂಪುಮೂಲೆಯ ಹಳೆಯ ಫ್ರೇಮುಗಳನ್ನೆಲ್ಲ ಕೆಳಗಿನ ಡ್ರಾಯರಿಗೆ ತಳ್ಳಿದರು. ಕೊನೆಗೆ ಬೂದು ಟೀಶರ್ಟುಗಳ ಒಂದು ಕಟ್ಟು ತಂದರು. ಎದೆಯ ಮೇಲೆ ಅಂಗಡಿಯ ಹೆಸರು, ಎಲ್ಲವೂ ಒಂದೇ ಅಳತೆ, ಅದೂ ಲೆನ್ಸಣ್ಣನ ಹೊಟ್ಟೆಯ ಅಳತೆ.

“ಸೋಮವಾರದಿಂದ ಎಲ್ಲರೂ ಇದನ್ನೇ ಹಾಕ್ಕೊಂಡು ಬರ್ಬೇಕು. ಆಯ್ತಾ?”

“ಹೂಂ” ಅಂದೆ. ಸೋಮವಾರ ಫ್ರಾಕು ತೊಟ್ಟು ಹೋದೆ.

“ಟೀಶರ್ಟು ಎಲ್ಲಿ?”

ಕೈಚೀಲ ತೆರೆದು ತೋರಿಸಿದೆ. ಮಡಿಸಿ ಇಟ್ಟಿದ್ದೆ.

“ಚೀಲಕ್ಕೆ ಹಾಕ್ಸೋಕೆ ಕೊಟ್ನಾ? ನಾಳೆ ಹಾಕ್ಕೊಂಡು ಬಾ.”

“ಹೂಂ.”

ಹೀಗೇ ಹಲವು ನಾಳೆಗಳು ಕಳೆದವು. ಒಂದು ದಿನ ಒಗೆದು ಹಾಕಿದ್ದೆ, ಒಂದು ದಿನ ಒಣಗಿರಲಿಲ್ಲ. ಮೇಡಂ ತಮ್ಮ ಟೀಶರ್ಟಿನ ಕತ್ತನ್ನು ಬೆರಳಿನಿಂದ ಎಳೆದುಕೊಳ್ಳುತ್ತಾ (ಅವರಿಗೆ ಅಲ್ಲಿ ಏನೋ ಚುಚ್ಚುತ್ತಿತ್ತು) ಹೇಳಿದರು: “ನಿನ್ನ ಹೂಂಗೆ ಕವಡೆ ಕಿಮ್ಮತ್ತಿಲ್ಲ ಕಣಮ್ಮ. ತಿಂಗಳ ಕೊನೆಗೆ ನಿನ್ನನ್ನ ಖಾಯಂ ಮಾಡ್ಬೇಕೋ ಬೇಡ್ವೋ ಅಂತ ನಾನು ಯೋಚಿಸ್ಬೇಕು, ನೆನಪಿರಲಿ.”

ಆ ಕೆಲಸ ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಅದು ಹೋದರೆ ಮತ್ತೆ ಇನ್ನೊಂದು ಕಡೆ, ಇನ್ನೊಬ್ಬರ ಮುಂದೆ ಕೂತು, ‘ನಿನ್ನ ಬಗ್ಗೆ ಹೇಳು’ ಅನ್ನುವ ಪ್ರಶ್ನೆಗೆ ಉತ್ತರ ಹೇಳಬೇಕಲ್ಲ ಎಂದು ದಿನಚರಿಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಆದರೂ ಮರುದಿನ ಬೆಳಿಗ್ಗೆ ಕೈ ತಾನಾಗಿ ಹಸಿರು ಫ್ರಾಕಿನ ಕಡೆಗೇ ಹೋಯಿತು.

ಆ ದಿನವೇ ಛತ್ರಿಯಮ್ಮ ಬಂದದ್ದು. ಮಡಿಸಿದ ಛತ್ರಿಯನ್ನು ಊರುಗೋಲಿನಂತೆ ಟಕ್ ಟಕ್ ಎಂದು ಊರುತ್ತಾ ಬಂದ ವಯಸ್ಸಾದ ಹೆಂಗಸು, ಹೆಸರಿಟ್ಟವರು ಲೆನ್ಸಣ್ಣನೇ. ಹತ್ತಿರದ್ದು ಓದಲು ಕನ್ನಡಕ ಬೇಕಿತ್ತು. ನಾನು ಫ್ರೇಮುಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ಯಾವುದೂ ಅವರಿಗೆ ಹಿಡಿಸಲಿಲ್ಲ. “ಎಲ್ಲಾ ಒಂದೇ ಥರ. ಹಾಕಿದ್ರೆ ಬ್ಯಾಂಕಿನವಳ ಹಾಗೆ ಕಾಣ್ತೀನಿ.” ಮೇಡಂ ಫೋನಿನಲ್ಲಿದ್ದರು. ನಾನು ಮೆಲ್ಲಗೆ ಕೆಳಗಿನ ಡ್ರಾಯರು ಎಳೆದು ಚೂಪುಮೂಲೆಯ ಕಂದು ಫ್ರೇಮೊಂದನ್ನು ತೆಗೆದು, ಅವರ ಅಳತೆಯ ಪರೀಕ್ಷೆ ಗಾಜು ಸಿಕ್ಕಿಸಿ ಮುಖಕ್ಕಿಟ್ಟೆ. ಕನ್ನಡಿ ಹಿಡಿದೆ. ಅವರು ಕನ್ನಡಿ ನೋಡಲಿಲ್ಲ. ಅಷ್ಟು ಹತ್ತಿರದಲ್ಲಿ, ಅಷ್ಟು ನಿಚ್ಚಳವಾಗಿ ಮೊದಲು ಕಂಡದ್ದು ನಾನೇ ಇರಬೇಕು. ನನ್ನ ತೋಳು ಹಿಡಿದುಕೊಂಡರು.

“ಈ ಫ್ರಾಕು ಎಲ್ಲಿಂದ ಬಂತು ನಿಂಗೆ?”

ನಾನು ಕನ್ನಡಿಯನ್ನು ಇನ್ನಷ್ಟು ಮೇಲೆತ್ತಿ ಹಿಡಿದೆ.

“ಕತ್ತಿನ ಒಳಗೆ ಬಿಳಿ ದಾರ ಇರ್ಬೇಕು ನೋಡು. ತೋಳಿನ ಹತ್ರಾನೂ.” ನಾನು ಹಿಂದೆ ಸರಿಯುವ ಮೊದಲೇ ಅವರು ಕಾಲರಿನ ಅಂಚು ಮಗುಚಿ ನೋಡಿದರು. “ಇದೆ. ಇದು ನಂದು.”

ಮೇಡಂ ಫೋನು ಕೆಳಗಿಟ್ಟರು. “ಏನಾಯ್ತಮ್ಮಾ?”

“ಏನಿಲ್ಲ. ಈ ಹುಡುಗಿ ನನ್ನ ಫ್ರಾಕು ಹಾಕ್ಕೊಂಡಿದ್ದಾಳೆ.”

“ನಿಮ್ಮದಾ?” ಮೇಡಂ ಮುಖ ಟೀಶರ್ಟಿನ ಬಣ್ಣಕ್ಕೇ ತಿರುಗಿತು. “ಗಿರಾಕಿಗಳ ಬಟ್ಟೆ ಹಾಕ್ಕೊಂಡು ಬಂದು ಅವರ ಮುಂದೇನೇ ನಿಲ್ತೀಯಾ? ಏನ್ ಕಥೆ ಇದು?”

“ಇವಳಮ್ಮನೋ ಅಜ್ಜಿಯೋ ಬಟ್ಟೆ ಸರಿಮಾಡೋರು ಇರ್ಬೇಕು. ನಾನೇ ಕೊಟ್ಟು ಬಿಟ್ಟುಹೋಗಿದ್ದು” ಅಂದರು ಛತ್ರಿಯಮ್ಮ. “ಕದ್ದಳು ಅಂತ ನಾನು ಹೇಳಿದ್ನೇ?”

ಆದರೆ ಅಂಗಡಿಯಲ್ಲಿ ಇನ್ನೂ ನಾಲ್ಕು ಜನರಿದ್ದರು, ನಾಲ್ಕೂ ಜನ ಕೇಳಿಸಿಕೊಂಡಿದ್ದರು. ಛತ್ರಿಯಮ್ಮ ಅದೇ ಕಂದು ಫ್ರೇಮಿಗೆ ಕನ್ನಡಕ ಮಾಡಲು ಹೇಳಿ, “ಭಾನುವಾರ ನಿಮ್ಮನೆಗೆ ಬರ್ತೀನಿ. ಇಳಿಜಾರಿನ ತಿರುವಿನಲ್ಲೇ ತಾನೇ ಇನ್ನೂ?” ಎಂದು ಕೇಳಿ ಹೋದ ಮೇಲೆ, ಮೇಡಂ ನನ್ನನ್ನು ಹಿಂದಿನ ಕೋಣೆಗೆ ಕರೆದರು. ಲೆನ್ಸಣ್ಣ ಯಂತ್ರ ನಿಲ್ಲಿಸಿ, ಗೋಡೆಯಲ್ಲಿ ಏನೋ ಬರೆದಿದ್ದಂತೆ ಆ ಕಡೆ ನೋಡುತ್ತಾ ನಿಂತರು.

“ಇಷ್ಟು ದಿನ ಸುಮ್ಮನಿದ್ದೆ. ಇನ್ನಾಗಲ್ಲ. ಸೋಮವಾರ ಟೀಶರ್ಟು ಹಾಕ್ಕೊಂಡು ಬಾ. ಇಲ್ಲಾಂದ್ರೆ ಬರ್ಲೇಬೇಡ. ಹೂಂ?”

“ಹೂಂ” ಅಂದೆ.

ಮನೆಯಲ್ಲಿ ಅಮ್ಮನಿಗೆ ಮೊದಲು ಭಯ, ಆಮೇಲೆ ಸಿಟ್ಟು. “ಮನೇಲಿ ಮಾತ್ರ ಹಾಕ್ಕೋ ಅಂದಿದ್ದೆ ತಾನೇ? ನಮ್ಮ ಅಂಗಡಿ ಹೆಸರಿಗೆ ಮಸಿ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ದೊಡ್ಡವರು ಸುಮ್ನೆ ಹೇಳಿದ್ರಾ?”

“ಊಟಾನೂ ನೀನೇ ಇಚ್ಛೆ ಪಟ್ಟಷ್ಟು ಬಡಿಸ್ತೀಯಲ್ಲ” ಎಂದು ದಿನಚರಿಯಲ್ಲಿ ಬರೆದೆ. ಅಮ್ಮ ಫ್ರಾಕನ್ನು ತಣ್ಣೀರಿನಲ್ಲಿ ಒಗೆದು, ನೆರಳಿನಲ್ಲಿ ಒಣಗಿಸಿ, ಒಳಬದಿಯಿಂದ ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿದಳು. ಅದು ಅಂಗಡಿಯ ಕೋಣೆಯಲ್ಲಿ ಯಾರೋ ಬಂದು ನಿಂತಂತೆ ನೇತಾಡುತ್ತಿತ್ತು. ಅದರ ಪಕ್ಕದಲ್ಲಿ ನನ್ನ ಬೂದು ಟೀಶರ್ಟು. ನೋಡಲಾಗದೆ ನಾನು ಒಳಗೆ ಹೋದೆ.

ಭಾನುವಾರ ಛತ್ರಿಯಮ್ಮ ಬಂದರು. ಅಮ್ಮ ಕುರ್ಚಿ ಎಳೆದು, ಚಹಾ ಕೊಟ್ಟು, ತಪ್ಪಾಯಿತೆಂದು ಹೇಳಲು ಬಾಯಿ ತೆರೆದಳು. ಅವರು ಕೈ ಅಡ್ಡ ಮಾಡಿದರು. ಅವರ ಕಣ್ಣು ನಿಲುವುಗನ್ನಡಿಯ ಮೇಲಿತ್ತು.

“ಅದೇ ಕನ್ನಡಿ. ಮೂಲೆಯಲ್ಲಿ ಸೀಳು ಆಗಲೂ ಇತ್ತು.”

“ಅತ್ತೆ ಬದಲಾಯಿಸೋಕೆ ಬಿಡಲಿಲ್ಲ” ಅಂದಳು ಅಮ್ಮ.

“ನಿಮ್ಮತ್ತೆ ಗಟ್ಟಿಗಿತ್ತಿ.” ಅವರು ಚಹಾ ಕೆಳಗಿಟ್ಟರು. “ನನ್ನ ಮೊದಲನೇ ಸಂಬಳದಲ್ಲಿ ಹೊಲಿಸಿದ ಫ್ರಾಕು ಅದು. ಗುಂಡಿ ಹುಡುಕೋಕೇ ಎಷ್ಟು ಅಂಗಡಿ ಅಲೆದಿದ್ದೆ ಗೊತ್ತಾ? ಒಂದೇ ಒಂದು ಸಲ ಹಾಕ್ಕೊಂಡು ಹೋದೆ. ಸಂಜೆ ನಮ್ಮಪ್ಪ ಬಾಗಿಲಲ್ಲೇ ನಿಲ್ಲಿಸಿದ್ರು. ಕತ್ತು ಮುಚ್ಚಿಸು, ತೋಳು ಮಣಿಕಟ್ಟಿನವರೆಗೆ ಇಳಿಸು, ಆ ಕೆಂಪು ಕಿತ್ತು ಕಪ್ಪು ಗುಂಡಿ ಹಾಕಿಸು. ಅಮ್ಮನ್ನ ಜೊತೆ ಮಾಡಿ ಇಲ್ಲಿಗೆ ಕಳಿಸಿದ್ರು. ನಿಮ್ಮತ್ತೆ ಎಲ್ಲೆಲ್ಲಿ ಬಟ್ಟೆ ಸೇರಿಸ್ಬೇಕೋ ಅಲ್ಲಿ ಗುರುತಿಗೆ ಕಚ್ಚಾ ಹೊಲಿಗೆ ಹಾಕಿ ಇದೇ ಕನ್ನಡಿ ಮುಂದೆ ನಿಲ್ಲಿಸಿದ್ರು. ನಮ್ಮಮ್ಮ ಹಿಂದಿನಿಂದ ಹೂಂ ಅನ್ನು, ಹೂಂ ಅನ್ನು ಅಂತ ತಿವಿದಿದ್ದೇ ತಿವಿದಿದ್ದು. ನಿಮ್ಮತ್ತೆ, ‘ನೀವಲ್ಲ, ಅವಳು ಹೇಳ್ಬೇಕು’ ಅಂದ್ರು. ನಾನು ನಾಳೆ ಬರ್ತೀನಿ ಅಂದೆ. ಬರಲೇ ಇಲ್ಲ.”

“ಅಯ್ಯೋ, ಮನೇಲಿ ಕೇಳಲಿಲ್ವೇ?”

“ಕೇಳದೆ ಬಿಡ್ತಾರಾ? ಅಪ್ಪ ಕೇಳಿದಾಗೆಲ್ಲ ‘ಹೊಲಿಗೆಯವರ ಹತ್ರ ಇದೆ’ ಅಂತಿದ್ದೆ. ಅವರು ಸಾಯೋ ತನಕ ಅದು ಹೊಲಿಗೆಯವರ ಹತ್ರಾನೇ ಇತ್ತು.” ಅವರು ನಕ್ಕರು. ಅಮ್ಮನೂ ನಕ್ಕಳು. ನಗು ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿದರು. “ಕತ್ತರಿ ಬೀಳದ ಹಾಗೆ ಉಳಿಸಿದೆ ಅಂತ ದೊಡ್ಡ ಹೆಮ್ಮೆ ನಂಗೆ. ಮೊನ್ನೆ ನಿನ್ನ ಮೈಮೇಲೆ ನೋಡಿದೆ ನೋಡು, ಹೊಟ್ಟೆ ಉರಿದುಹೋಯ್ತು. ನಾನು ಹೂಂ ಅನ್ನಲಿಲ್ಲ ನಿಜ. ಆದ್ರೆ ಊಹೂಂ ಅಂತಾನೂ ಅನ್ನಲಿಲ್ಲ. ಅಂದಿದ್ರೆ ಏನಾಗ್ತಿತ್ತು? ಎರಡು ಏಟು ಬೀಳ್ತಿತ್ತೇನೋ. ಆದ್ರೆ ಹಾಕ್ಕೊಂಡು ತಿರುಗ್ತಿದ್ದೆ. ಬಾಯಿ ಮುಚ್ಚಿಕೊಂಡಿದ್ದಕ್ಕೆ ಫ್ರಾಕು ಉಳೀತು, ಅದನ್ನ ಹಾಕ್ಕೋಬೇಕಾಗಿದ್ದ ಹುಡುಗಿ ಉಳೀಲಿಲ್ಲ.”

ನಾನು ನೆಲ ನೋಡಿದೆ. ನನ್ನ ಹೂಂಗಳೆಲ್ಲ ಕಪಾಟಿನಲ್ಲಿ ಸಾಲಾಗಿ ಮಡಿಸಿಟ್ಟಂತೆ ಕಂಡವು.

“ಕೊಡು, ಒಂದ್ಸಲ ಹಾಕಿ ನೋಡ್ತೀನಿ” ಅಂದರು. ಪರದೆಯ ಹಿಂದೆ ಬಹಳ ಹೊತ್ತು ಉಸ್ಸು ಬುಸ್ಸು. ಈಚೆ ಬಂದಾಗ ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣಿನ ಮುನಿಸು. ಕನ್ನಡಿಯಲ್ಲಿ ನೋಡಿಕೊಂಡು, “ಇವೆರಡೂ ಮಾತು ಬಿಟ್ಟಿವೆ” ಅಂದರು. ನಾನು ಒಳಗೊಳಗೇ ಖುಷಿಪಟ್ಟೆ. ಸುಳ್ಳೇಕೆ ಹೇಳಲಿ. ಆಗದಿದ್ದರೆ ನನಗೇ ಬಿಟ್ಟುಹೋಗುತ್ತಾರೆ ಅಂದುಕೊಂಡೆ.

ಅಮ್ಮ ಬಾಯಲ್ಲಿ ಸೂಜಿ ಕಚ್ಚಿಕೊಂಡು ಆಗಲೇ ಅವರ ಸುತ್ತ ತಿರುಗುತ್ತಿದ್ದಳು. “ಎರಡೂ ಪಕ್ಕ ಬಿಚ್ಚಿ ಪಟ್ಟಿ ಕೊಡ್ಬಹುದು. ಇದೇ ಹಸಿರು ಸಿಗಲ್ಲ, ಸ್ವಲ್ಪ ಗಾಢ ಆಗತ್ತೆ. ಕಾಣತ್ತೆ.”

“ಕಾಣ್ಲಿ. ಇಷ್ಟು ವರ್ಷ ಕಾಣದೇ ಇದ್ದದ್ದು ಸಾಕು.”

“ಹೂಂ ಅಂತೀರಾ?”

“ಹೂಂ ಹೂಂ ಹೂಂ” ಅಂದರು ಛತ್ರಿಯಮ್ಮ, ಮೂರು ಸಲ, ಹರಾಜಿನವರಂತೆ.

ಫ್ರಾಕು ಅವರದ್ದೇ. ಹೋಗಬೇಕಾದದ್ದೇ. ಅಮ್ಮ ಅಂಚಿನ ಮಡಿಕೆ ಬಿಚ್ಚಿ ನೋಡುವಾಗ ಒಳಗೆ ಇನ್ನೊಂದು ಕೆಂಪು ಗುಂಡಿ ಹೊಲಿದಿತ್ತು. ಹಿಂದಿನವರು ಹಾಗೆ ಮಾಡುತ್ತಿದ್ದರು. ಮೇಲಿನದು ಎಲ್ಲಾದರೂ ಬಿದ್ದುಹೋದರೆ ಬೇಕಾಗುತ್ತದೆಂದು ಒಂದನ್ನು ಒಳಗೆ ಬಚ್ಚಿಡುವುದು. ಅಮ್ಮ ಅದನ್ನು ಕತ್ತರಿಸಿ ಮೇಜಿನ ಮೇಲಿಟ್ಟಳು.

“ಅದು ನಂಗೆ ಬೇಕು.”

ಇಬ್ಬರೂ ತಿರುಗಿ ನೋಡಿದರು. ಯಾರು ಹೇಳಿದ್ದೆಂದು ನಾನೂ ತಿರುಗಿ ನೋಡುವವಳಿದ್ದೆ.

“ಅಬ್ಬಾ! ಗಿಣಿ ಮಾತಾಡ್ತು” ಅಂದಳು ಅಮ್ಮ.

ಛತ್ರಿಯಮ್ಮ ಗುಂಡಿಯನ್ನು ಎತ್ತಿ ನನ್ನ ಅಂಗೈಯಲ್ಲಿ ಒತ್ತಿದರು. “ಕೇಳಿದವರಿಗೆ ಕೊಡೋಣ” ಅಂದರು, ಅಷ್ಟೇ.

ಅವರು ಹೋದ ಮೇಲೆ ನಾನು ಬೂದು ಟೀಶರ್ಟನ್ನು ಹ್ಯಾಂಗರಿನಿಂದ ತೆಗೆದು ಅಮ್ಮನ ಮೇಜಿನ ಮೇಲೆ ಹರವಿದೆ.

“ಇದನ್ನ ಸರಿಮಾಡ್ಬೇಕು.”

“ಏನಾಗಿದೆ ಅದಕ್ಕೆ? ಹೊಸದು.”

“ಅದೇ ಆಗಿರೋದು.” ಆಮೇಲೆ ಹೇಳಿದೆ. ಹೇಳುತ್ತಾ ಹೋದೆ. ದಿನಚರಿಯ ಪುಟ ಯಾರೋ ಗಟ್ಟಿಯಾಗಿ ಓದಿದಂತೆ ನನ್ನ ಕಿವಿಗೇ ಕೇಳಿಸಿತು. ಪಕ್ಕಗಳಲ್ಲಿ ಇನ್ನೊಬ್ಬಳಿಗಾಗುವಷ್ಟು ಬಟ್ಟೆ ಹೆಚ್ಚಿದೆ, ಅದನ್ನು ತೆಗೆದು ನಡುವಿಗೆ ಬಿಗಿ ಕೊಡೋಣ. ತೆಗೆದ ಬಟ್ಟೆಯಲ್ಲಿ ಆ ಫ್ರಾಕಿನಂಥದೇ ಅಗಲ ಕಾಲರು. ತೋಳು ಮೊಣಕೈ ಮೇಲೆ ಸುರುಟಿ ಬುಗ್ಗೆ. ಅಂಗಡಿಯ ಹೆಸರನ್ನು ಮುಟ್ಟುವುದು ಬೇಡ, ಅದು ಎದೆಯ ಮೇಲೆ ಇದ್ದಲ್ಲೇ ಇರಲಿ. ಕತ್ತಿಗೆ ಈ ಗುಂಡಿ.

ಅಮ್ಮ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. “ನಿಮ್ಮ ಮೇಡಂ ಸುಮ್ನಿರ್ತಾಳಾ?”

“ಇರಲ್ಲ.”

“ಕೆಲಸ ಹೋದ್ರೆ?”

“ಹೋಗಬಹುದು.”

“ಹೋಗಬಹುದಂತೆ! ಏನ್ ಧೈರ್ಯ ನೋಡು.” ಬೈಯುತ್ತಲೇ ಸೂಜಿಗೆ ಬಿಳಿ ದಾರ ಪೋಣಿಸಿದಳು. ಕಚ್ಚಾ ಹೊಲಿಗೆ ಹಾಕಿ ತೊಡಿಸಿ ಸೀಳು ಕನ್ನಡಿಯ ಮುಂದೆ ನಿಲ್ಲಿಸಿದಳು. ಇನ್ನೂ ಕತ್ತರಿಸದ ಬಟ್ಟೆ ಅಲ್ಲಲ್ಲಿ ಬಾಲದಂತೆ ನೇತಾಡುತ್ತಿತ್ತು. ಆದರೂ ಕಾಣಿಸುತ್ತಿತ್ತು, ನಾಳೆ ಅದು ಏನಾಗುತ್ತದೆಂದು. “ನೋಡ್ಕೋ ಸರಿಯಾಗಿ. ಮೇಡಂ ಕೊಟ್ಟದ್ದು, ಕತ್ತರಿಸಿದ ಮೇಲೆ ವಾಪಸ್ ಕೊಡೋಕಾಗಲ್ಲ. ಆಮೇಲೆ ನನ್ನ ಬೈಬಾರ್ದು. ನಿನ್ನ ಆ ಒಣ ಹೂಂ ನಂಗೆ ಬೇಡ.”

“ಹೂಂ!” ಅಂದೆ. ಒಳಗಿನ ಕೋಣೆಯಿಂದ ಅಪ್ಪ ಮೊಣಕಾಲಿನ ಪ್ಯಾಂಟಿನಲ್ಲೇ ಓಡಿಬಂದರು, ಏನು ಬಿತ್ತು ಎಂದು ಕೇಳಲು.

ಸೋಮವಾರ ಹತ್ತಿಪ್ಪತ್ತು ನೆರಿಗೆಯ ದಪ್ಪ ಲಂಗದ ಮೇಲೆ ಅದನ್ನು ತೊಟ್ಟು ಹೊರಟೆ. ಬಸ್ಸಿನಲ್ಲಿ ಎದುರಿಗೆ ಕೂತಿದ್ದ ಹೆಂಗಸು ನನ್ನ ಎದೆಯ ಮೇಲಿನ ಅಂಗಡಿಯ ಹೆಸರನ್ನು ತುಟಿ ಆಡಿಸುತ್ತಾ ಓದಿದಳು. ಅಂಗಡಿಯ ಬಾಗಿಲಲ್ಲಿ ಕತ್ತಿನ ಗುಂಡಿ ಮುಟ್ಟಿಕೊಂಡು ಒಳಗೆ ಹೋದೆ.

ಲೆನ್ಸಣ್ಣ ಮೊದಲು ನೋಡಿದರು. ಅವರ ಟೀಶರ್ಟು ಹೊಟ್ಟೆಗೆ ಸರಿಹೋದರೂ ಮೈಮೇಲೆ ಮೂಟೆಯಂತೆ ಕೂತಿತ್ತು. “ನಮಗೆ ಕೊಟ್ಟದ್ದೇನಾ ನಿಂಗೂ ಕೊಟ್ಟದ್ದು? ನನಗೇನೋ ಮೋಸ ಆಗಿದೆ” ಅಂದರು.

ಮೇಡಂ ಬಿಲ್ಲಿನ ಮೇಜಿನಿಂದ ಎದ್ದು ಬಂದರು. ನನ್ನ ಸುತ್ತ ಒಂದು ಸುತ್ತು ಬಂದರು. ಅಮ್ಮನೂ ಹಾಗೇ ಬಂದಿದ್ದಳು ಎಂದು ನೆನೆದರೆ ನಗು ಬರುತ್ತಿತ್ತು.

“ಏನಿದು?”

“ಟೀಶರ್ಟು.”

“ನಾನು ಕೊಟ್ಟಿದ್ದು ಇದಾ?”

“ಅದೇ. ಹೆಸರು ನೋಡಿ, ಇದೆ. ದೊಡ್ಡದಾಗ್ತಿತ್ತು, ಅಳತೆಗೆ ಸರಿಮಾಡಿಸ್ಕೊಂಡೆ.”

ನನ್ನ ಬಾಯಿಂದ ಇಷ್ಟು ಮಾತು ಅವರು ಅಲ್ಲಿಯವರೆಗೆ ಒಟ್ಟು ಸೇರಿಸಿಯೂ ಕೇಳಿರಲಿಲ್ಲ. ಬೆರಳು ತಮ್ಮ ಕತ್ತಿನ ಹಿಂದಿನ ಚುಚ್ಚುವ ಜಾಗಕ್ಕೆ ಹೋಯಿತು. ಆಮೇಲೆ ಕಪಾಟು ತೆರೆದು ಹೊಸ ಟೀಶರ್ಟೊಂದನ್ನು ತಂದು ಕೌಂಟರಿನ ಮೇಲಿಟ್ಟರು.

“ಬುದ್ಧಿವಂತಿಕೆ ನನ್ನ ಹತ್ರ ಬೇಡ. ಎಲ್ಲರೂ ಒಂದೇ ಥರ ಕಾಣ್ಬೇಕು ಅಂತ ತಾನೇ ಕೊಟ್ಟಿದ್ದು? ನಾಳೆ ಇದನ್ನ ಹಾಕ್ಕೊಂಡು ಬರ್ತೀಯ. ಕತ್ತರಿ ಮುಟ್ಟಿಸದೆ, ಹೀಗೇ. ಹೂಂ?”

ಆ ಹೂಂ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಭ್ಯಾಸ ಅದು, ಕೆಮ್ಮಿನ ಹಾಗೆ ತಾನಾಗಿ ಬರುತ್ತದೆ. ಅಂದುಬಿಟ್ಟರೆ ಅವರು ಸುಮ್ಮನಾಗುತ್ತಾರೆ, ನಾಳೆಯ ಕಥೆ ನಾಳೆಗೆ. ಅಂದುಬಿಟ್ಟರೆ ಆ ಟೀಶರ್ಟು ಚೀಲಕ್ಕೆ ಹೋಗುತ್ತದೆ, ಒಣಗಿಲ್ಲ ಅನ್ನಬಹುದು, ಮರೆತೆ ಅನ್ನಬಹುದು, ಹೊಲಿಗೆಯವರ ಹತ್ರ ಇದೆ ಅನ್ನಬಹುದು. ಅನ್ನುತ್ತಲೇ ಮುದುಕಿಯಾಗಬಹುದು.

“ಊಹೂಂ” ಅಂದೆ.

ಹಿಂದಿನ ಕೋಣೆಯಲ್ಲಿ ಯಂತ್ರ ನಿಂತಿತು.

“ಏನಂದೆ?”

“ಊಹೂಂ ಮೇಡಂ. ಇದನ್ನೇ ಹಾಕ್ಕೊಂಡು ಬರ್ತೀನಿ. ಹೆಸರು ಬೇಕು ಅಂದ್ರಿ, ಹಾಕ್ಕೊಂಡಿದ್ದೀನಿ. ಅದು ನಿಮ್ಮದು. ಮಿಕ್ಕಿದ್ದು ನಂದು.”

“ಹಾಗಾದ್ರೆ ಮನೆಗೆ ಹೋಗು.”

ನಾನು ಬಾಗಿಲ ಕಡೆ ಕೈ ತೋರಿಸಿದೆ. “ಅದಕ್ಕೂ ಊಹೂಂ. ಅವರು ಕಾಯ್ತಿದ್ದಾರೆ.”

ಬಾಗಿಲ ಬಳಿ ಒಬ್ಬರು ನಿಜವಾಗಿಯೂ ಕಾಯುತ್ತಿದ್ದರು. ಕನ್ನಡಕದ ಒಂದು ಕಡ್ಡಿ ಕಳಚಿ, ಇನ್ನೊಂದು ಕಿವಿಗೆ ಮಾತ್ರ ನೇತುಹಾಕಿಕೊಂಡು, ಕಳಚಿದ ಬದಿಯನ್ನು ಕೈಯಿಂದ ಹಿಡಿದಿದ್ದರು. ನಾನು ಹೊಸ ಟೀಶರ್ಟನ್ನು ಪಕ್ಕಕ್ಕೆ ಸರಿಸಿ, ಅವರಿಗೆ ಕುರ್ಚಿ ತೋರಿಸಿ, ಸಣ್ಣ ಸ್ಕ್ರೂಗಳ ತಟ್ಟೆ ಎಳೆದುಕೊಂಡೆ. ಮೊದಲನೆಯ ಸ್ಕ್ರೂ ಕೆಳಗೆ ಬಿತ್ತು. ಎರಡನೆಯದು ಕೂತಿತು. ಮೇಡಂ ಸ್ವಲ್ಪ ಹೊತ್ತು ನನ್ನ ಬೆನ್ನ ಹಿಂದೆಯೇ ನಿಂತಿದ್ದರು, ಅವರ ಉಸಿರು ಕೇಳಿಸುತ್ತಿತ್ತು. ಆಮೇಲೆ ಚಪ್ಪಲಿಯ ಸದ್ದು ಬಿಲ್ಲಿನ ಮೇಜಿನ ಕಡೆ ಹೋಯಿತು. ಯಂತ್ರ ಮತ್ತೆ ಶುರುವಾಯಿತು.

ಮರುದಿನವೂ ಹೋದೆ, ಅದರಲ್ಲೇ. ಅದರ ಮರುದಿನವೂ. ಸಂಜೆ ಒಗೆದು ಹಾಕಿದರೆ ಬೆಳಿಗ್ಗೆಗೆ ಒಣಗುತ್ತದೆ, ಒಣಗದಿದ್ದರೆ ಒದ್ದೆಯಾಗಿಯೇ ತೊಡುತ್ತೇನೆ. ಸುಳ್ಳು ಹೇಳುವುದನ್ನು ಬಿಟ್ಟಿದ್ದೇನೆ. ಮೇಡಂ ನನ್ನೊಡನೆ ಮಾತು ಬಿಟ್ಟರು. ಏನಾದರೂ ಬೇಕಾದರೆ ಲೆನ್ಸಣ್ಣನಿಗೆ ಹೇಳುತ್ತಾರೆ, ಅವರು ನನಗೆ ಹೇಳುತ್ತಾರೆ. “ನಾನು ಗಾಜಿನ ಕೆಲಸಕ್ಕೆ ಸೇರಿದ್ದು, ಅಂಚೆ ಕೆಲಸಕ್ಕಲ್ಲ” ಎಂದು ಅವರ ಗೊಣಗಾಟ.

ಛತ್ರಿಯಮ್ಮ ಆ ವಾರ ಕನ್ನಡಕ ಒಯ್ಯಲು ಬಂದರು. ಹಸಿರು ಫ್ರಾಕು ತೊಟ್ಟು ಬಂದರು. ಎರಡೂ ಪಕ್ಕದಲ್ಲಿ ಗಾಢ ಹಸಿರಿನ ಪಟ್ಟಿ ಢಾಳಾಗಿ ಕಾಣುತ್ತಿತ್ತು. ಗುಂಡಿಗಳೆಲ್ಲ ಕಾಜದೊಳಗಿದ್ದವು. ಬೀದಿಯಲ್ಲಿ ಇಬ್ಬರು ನಿಂತು ನೋಡುತ್ತಿದ್ದರು. ನಾನು ಗೋದಾಮಿನಲ್ಲಿದ್ದೆ, ಬರುವಷ್ಟರಲ್ಲಿ ಮೇಡಂ ತಾವೇ ಕನ್ನಡಕ ತೊಡಿಸಿ ಕನ್ನಡಿ ಹಿಡಿದಿದ್ದರು. ಛತ್ರಿಯಮ್ಮ ಈ ಸಲ ಕನ್ನಡಿ ನೋಡಿದರು. ತುಂಬಾ ಹೊತ್ತು ನೋಡಿದರು. ಮೇಡಂ ಕೈ ಇಳಿಸಲಿಲ್ಲ. ನನ್ನ ಪರವಾಗಿ ಛತ್ರಿಯಮ್ಮ ಒಂದು ಮಾತೂ ಆಡಲಿಲ್ಲ. ಹೊರಡುವಾಗ ನನ್ನ ಕತ್ತಿನ ಗುಂಡಿಯನ್ನು ಒಮ್ಮೆ ನೋಡಿ, ಛತ್ರಿ ಊರಿಕೊಂಡು ಟಕ್ ಟಕ್ ಎಂದು ಹೋದರು.

ತಿಂಗಳ ಕೊನೆಯಲ್ಲಿ ಮೇಡಂ ಬಾಯಿ ಬಿಟ್ಟರು. “ಇನ್ನೂ ಒಂದು ತಿಂಗಳು ನೋಡೋಣ” ಅಂದರು, ಗೋಡೆಗೆ ಹೇಳಿದಂತೆ. ಖಾಯಂ ಮಾಡಲಿಲ್ಲ, ತೆಗೆಯಲೂ ಇಲ್ಲ. ಅಮ್ಮನಿಗೆ ಹೇಳಿದಾಗ ಅವಳು ಪೆಡಲು ತುಳಿಯುವುದನ್ನು ನಿಲ್ಲಿಸಿ, “ಅಂದ್ರೆ ಇನ್ನೂ ಕಚ್ಚಾ ಹೊಲಿಗೇಲೇ ಇಟ್ಟಿದ್ದಾಳೆ ಅನ್ನು” ಅಂದಳು.

ಇಡಲಿ. ಕನ್ನಡಿಯ ಮುಂದೆ ನಿಂತಿರುವವಳು ನಾನು. ಹೂಂ ಅನ್ನಬೇಕಾದವಳೂ ನಾನೇ.